ಚೀಟಿಯಲ್ಲಿ ಬಂದ ದೇಶ

ಕುರುಗೋಡು ಬಸ್ ನಿಲ್ದಾಣದ ಬೆಂಚಿನಲ್ಲಿ ವಿಜಯಲಕ್ಷ್ಮಿ ಡೈರಿ ಬರೆಯುತ್ತ ಕೂತಿದ್ದಳು. ಪಕ್ಕದಲ್ಲಿ ಕೂತ ತಾಯಿ ಮಗಳು ದನಿ ತಗ್ಗಿಸಿ ಜಗಳವಾಡುತ್ತಿದ್ದರು.

“ಎಂ.ಎ. ಓದು ಅಂದ್ರ, ಪಾಕಿಸ್ತಾನನ ಬೇಕಾಗಿತ್ತೇನಲೇ ಹುಮೇರಾ?”

“ನಾ ಆರಿಸ್ಕೊಂಡಿಲ್ಲ ಅಮ್ಮಿ. ಸರ್ ಚೀಟಿ ಎತ್ತಿಸಿದ್ರು. ಬಂದ ದೇಶದ ಎಲೆಕ್ಷನ್ನ ನಮ್ಮ ಎಲೆಕ್ಷನ್ ಜೊತಿ ಹೋಲಿಸಿ ಬರೀಬೇಕು.”

“ನಿನ್ನ ಗೆಳತಿ ಅನುಷಾಗ ಯಾವ್ದು ಬಂತು?”

“ನೇಪಾಳ.”

“ಅಕಿ ಜೊತಿ ಬದಲಿ ಮಾಡ್ಕೋ.”

“ಅಕಿ ಪಾಕಿಸ್ತಾನದ ಬಗ್ಗೆ ಬರದ್ರ ನಡಿತೈತೇನು?”

“ಅಕಿ ಬರದ್ರ ಶಾಣ್ಯಾಕಿ ಅಂತಾರ. ನೀ ಬರದ್ರ ಏನಂತಾರ, ನನ್ನ ಬಾಯಾಗ ಹೇಳಿಸ್ಬ್ಯಾಡ.”

“ಅರ್ಧ ಬರದೀನಿ. ಬದಲಿ ಮಾಡಂಗಿಲ್ಲ.”

“ಎಲ್ಲೈತಿ ಅದು?”

“ಬ್ಯಾಗಿನಾಗ.”

ತಾಯಿ ಬ್ಯಾಗನ್ನು ತಟ್ಟನೆ ಮಡಿಲಿಗೆಳೆದುಕೊಂಡು ಸೆರಗು ಮುಚ್ಚಿದಳು. ಆಗ ವಿಜಯಲಕ್ಷ್ಮಿಯ ಪೆನ್ನು ಅವಳ ಕಣ್ಣಿಗೆ ಬಿತ್ತು.

“ಏನ್ ಬರಿಯಾಕ ಹತ್ತೀಯವ್ವಾ ನೀನು?”

“ಏನಿಲ್ರೀ, ಸುಮ್ನ,” ಎಂದು ವಿಜಯಲಕ್ಷ್ಮಿ ಗಾಬರಿಯಲ್ಲಿ ಡೈರಿ ಮುಚ್ಚಿದಳು. ಮುಚ್ಚಿದ್ದೇ ತಪ್ಪಾಯಿತು.

“ಯಾವೂರು? ಯಾರ ಮಗಳು?”

ಉತ್ತರ ಬಾಯಿಗೆ ಬರುವಷ್ಟರಲ್ಲಿ ಬಳ್ಳಾರಿ ಬಸ್ಸು ಬಂತು. ವಿಜಯಲಕ್ಷ್ಮಿ ಬಸ್ಸಿನತ್ತ ಹೊರಟಳು, ಹುಮೇರಾಳೂ ಎದ್ದಳು. ತಾಯಿ ಮಗಳ ಕೈ ಹಿಡಿದು, ನಿಲ್ದಾಣದ ಆಚೆ ತುದಿಗೆ ಎಳೆದುಕೊಂಡು ನಡೆದಳು.

“ನಮ್ ಬಸ್ ಅಲ್ಲೈತಿ ಅಮ್ಮಿ!”

“ಆ ಡೈರಿಯಾಕಿ ಹತ್ಲಿ. ನಾವು ಮುಂದಿನದಕ್ಕ ಹೋಗೂಣು.”