ಬಂಗಾರಮ್ಮನ ಹಸಿರು ಬಳೆ

ನನ್ನ ಕೈ ಬಿಡು ಅಂಜಿನಮ್ಮ, ಬಳೆ ನನಗಲ್ಲ ಅಂದೆನಲ್ಲ. ಅಳತೆ ಬೇಕಂದ್ರೆ ನನ್ನವಕ್ಕಿಂತ ಒಂದು ಸುತ್ತು ಚಿಕ್ಕವು ಕೊಡು. ಹಸಿರು ಗಾಜಿನವು, ಎರಡೂ ಕೈಗೆ ಆಗುವಷ್ಟು. ಬಳೆ ಮಲಾರ ಆಮೇಲೆ ಕಟ್ಟುವಿಯಂತೆ. ಜಗಲಿ ಮೇಲೆ ಬಿಸಿಲು ಬಂತು, ಈ ಕಡೆ ಸರಕೋ... ಯಾರಿಗೆ ಅಂತೀಯಾ? ಮಗಳಿಗೆ ಅಂದ್ಕೋ.

ಯಾಕೆ ನಗ್ತೀಯ? ನನಗೆ ಮಗಳಿಲ್ಲ ಅಂತ ನ್ಯಾಮತಿಗೆಲ್ಲ ಗೊತ್ತು. ಮೂರು ಸಲ ಸೀಮಂತದ ಬಳೆ ತೊಡಿಸಿದೋಳು ನೀನೇ, ಮೂರೂ ಗಂಡು. ಸರಿ, ಹೇಳ್ತೀನಿ. ಬಳೆ ನಮ್ಮತ್ತೆಗೆ.

ಈಗ ಯಾಕೆ ಬಳೆ ಕೆಳಗಿಟ್ಟೆ? ಹೌದು, ಬಂಗಾರಮ್ಮನಿಗೇ. ನನಗೆ ಇನ್ಯಾರು ಅತ್ತೆ ಅದಾರೆ? ಮಾವ ಎಮರ್ಜೆನ್ಸಿ ಮುಗಿದ ವರ್ಷ ತೀರಿಕೊಂಡಿದ್ದು ನನಗೂ ಗೊತ್ತೈತೆ. ಊರಿಗೆಲ್ಲ ಗೊತ್ತೈತೆ. ಗೊತ್ತಿಲ್ಲದಿರೋದು ಅತ್ತೆ ಒಬ್ಬರಿಗೇ.

ಅರಳುಮರಳು ಅಂತ ಜನ ಸಲೀಸಾಗಿ ಅಂದುಬಿಡ್ತಾರೆ. ಅಂದೋರು ಮನೆಗೆ ಹೋಗ್ತಾರೆ. ಬೆಳಿಗ್ಗೆ ಎದ್ದ ಕೂಡಲೇ, ಕಸ್ತೂರಿ, ನಿಮ್ಮ ಮಾವ ಎಲ್ಲಿ ಅಂತ ಕೇಳ್ತಾರೆ ಅತ್ತೆ. ಮೊದಲೆಲ್ಲ ಇದ್ದದ್ದು ಇದ್ದಂಗೆ ಹೇಳಿದೆ. ಅವರಿಗೆ ಅದು ಆಗಷ್ಟೇ ಬಂದ ಸುದ್ದಿ. ಎದೆ ಬಡ್ಕೊಂಡು ಅಳೋರು, ಕೊನೇ ಸಲ ಮುಖ ಯಾಕೆ ತೋರಿಸಲಿಲ್ಲ ಅಂತ ನನ್ನ ಬೈಯೋರು. ಊಟದ ಹೊತ್ತಿಗೆ ಮರೆತು ಮತ್ತೆ ಕೇಳೋರು. ಮಾವ ಸತ್ತಿದ್ದು ಒಂದೇ ಸಲ ಅಂಜಿನಮ್ಮ, ಅವರ ಹೆಣ ಮಾತ್ರ ಈ ಮನೆಯಿಂದ ದಿನಾ ಎತ್ತಬೇಕಾಗಿತ್ತು. ಮೊದಮೊದಲು ಪಕ್ಕದ ಮನೆ ಕಲ್ಲಮ್ಮ ಓಡಿ ಬಂದು ಸಮಾಧಾನ ಮಾಡೋಳು. ಆಮೇಲಾಮೇಲೆ ಗೋಡೆ ಆಚೆಯಿಂದಲೇ, ಇವತ್ತಿಂದು ಮುಗೀತಾ ಅಂತ ವಿಚಾರಿಸೋಳು.

ನಮ್ಮನೆಯೋರಾ? ಅವರು ಸತ್ಯವಂತರು. ಅವ್ವನ ಹತ್ರ ಸುಳ್ಳು ಹೇಳಬಾರದು ಅಂತ ನನಗೆ ಬುದ್ಧಿ ಹೇಳಿ, ಎಂಟೂವರೆ ಬಸ್ಸಿಗೆ ಹೊನ್ನಾಳಿ ಕಚೇರಿಗೆ ಹೋಗ್ತಾರೆ. ಸತ್ಯ ಅವರದು, ಅದನ್ನ ಹೇಳೋ ಕೆಲಸ ನನ್ನದು. ನಾನು ಸೊಸೈಟೀಲಿ ಸೀಮೆಎಣ್ಣೆಗೆ ನಿಂತು ಬರೋದರೊಳಗೆ ಅತ್ತೆ ಬೀದೀಲಿ ಮಾವನ್ನ ಹುಡುಕ್ತಾ ನಿಂತಿರೋರು. ಸಾಯಂಕಾಲ ಇವರು ಬಂದು, ಅವ್ವ ಊಟ ಮಾಡಿದಳಾ ಅಂತ ಕೇಳ್ತಾರೆ. ನಾನು ಉಂಡೆನಾ ಅಂತ ಯಾವಾಗ ಕೇಳಿದ್ದರೋ ನೆನಪಿಲ್ಲ. ನನಗೂ ಮರೆವು ಶುರುವಾಗಿರಬೇಕು.

ಒಂದಿನ ಸಾಕಾಗಿ, ಮಾವ ಜವಳಿ ತರಾಕೆ ದಾವಣಗೆರೆಗೆ ಹೋಗ್ಯಾರೆ ಅಂದುಬಿಟ್ಟೆ. ಅಂಗಡಿ ನಡೀತಿದ್ದಾಗ ಹೋಗ್ತಿದ್ದರಲ್ಲ. ಅತ್ತೆ ಮುಖ ಹೆಂಗೆ ಅರಳಿತು ಅಂತೀಯ. ತಟ್ಟೆ ತುಂಬ ಉಂಡರು. ಎಣ್ಣೆ ಹಚ್ಚಿ ತಲೆ ಬಾಚು ಅಂದ್ರು, ಬಾಚಿದೆ. ಆಮೇಲೆ ಬರಿಗೈ ನೋಡ್ಕೊಂಡು, ಅವರು ಬಂದು ಹಿಂಗೆ ನೋಡಿದ್ರೆ ಏನಂದ್ಕೊಂತಾರೆ, ಬಳೆ ತಾ ಅಂದ್ರು. ನನ್ನವೇ ನಾಲ್ಕು ತೆಗೆದು ಹಾಕಿದೆ. ದೊಗಳೆ ಆದವು. ಅವರು ಅದಕ್ಕೂ ಖುಷಿ. ಒಂದು ತಿಂಗಳು ಈ ಮನೇಲಿ ಯಾರೂ ಸಾಯಲಿಲ್ಲ.

ಅಷ್ಟರಾಗೆ ಚನ್ನಗಿರಿಯಿಂದ ನಾದಿನಿ ಬಂದಳು, ಶಾಂತಾದೇವಿ. ಒಂದು ಬ್ರೆಡ್ಡು, ಎರಡು ಮೋಸಂಬಿ ತಂದಿದ್ದಳು. ಅವ್ವನ ಕೈಯಾಗೆ ಹಸಿರು ಬಳೆ ನೋಡಿ ಬೀದಿಗೆ ಕೇಳಂಗೆ ಕೂಗಾಡಿದಳು, ನಮ್ಮಪ್ಪ ಸತ್ತಿದ್ದು ನಿನಗೆ ಆಟ ಆತಾ ಅಂತ. ಅಷ್ಟು ಕಳಕಳಿ ಇದ್ದರೆ ಹದಿನೈದು ದಿನ ಕರ್ಕೊಂಡು ಹೋಗಿ ನೋಡ್ಕೊ ಅಂದೆ. ಅವಳ ಮನೇಲಿ ಸುಣ್ಣ ಬಳಿಸ್ತಾ ಅದಾರಂತೆ. ಹೋದ ವರ್ಷ ಕೇಳಿದಾಗಲೂ ಬಳಿಸ್ತಿದ್ದರು. ಆ ಮನೆ ಗೋಡೇಲಿ ಇಷ್ಟೊತ್ತಿಗೆ ಮಣ್ಣಿಗಿಂತ ಸುಣ್ಣವೇ ಜಾಸ್ತಿ ಇರಬೇಕು.

ಅವಳೇ ನೋಡು, ಹೋಗುವಾಗ ಅವ್ವನ ಕೈ ಹಿಡಿದು ಮಂಚಕ್ಕೆ ಬಡಿದು ಬಳೆ ಒಡೆದು ಹೋದಳು. ಅದಕ್ಕೇ ಹೊಸವು ಬೇಕಾಗಿರೋದು.

ಯಾಕೆ ಹಂಗೆ ನೋಡ್ತೀಯ? ಕೊಡಾಕೆ ಮನಸ್ಸಿಲ್ಲಾ? ಗಂಡ ಸತ್ತೋಳಿಗೆ ಬಳೆ ತೊಡಿಸಿದೋಳು ಅಂತ ಊರು ನಿನ್ನ ಆಡಿಕೊಂತೈತೆ, ಗೊತ್ತು. ನನ್ನನ್ನೂ ಆಡಿಕೊಂತೈತೆ. ಆಡಿಕೊಳ್ಳೋರಲ್ಲಿ ಒಬ್ಬರಾದ್ರೂ ಬಂದು ಒಂದು ದಿನ ಅವರ ಒದ್ದೆ ಸೀರೆ ಒಗೀಲಿ, ನೋಡಾನ. ಎದ್ದೆಯಾ? ಹೋಗು ಹಂಗಾದ್ರೆ, ಇನ್ನೊಬ್ಬರು ಸಿಕ್ತಾರೆ... ಓ, ಒಳಗೆ ಬರಾಕೆ ಎದ್ದೆಯಾ. ಬಾ ತಾಯಿ. ಬಾಗಿಲು ತಗ್ಗು, ತಲೆ ಜೋಕೆ.

ಅತ್ತೆ, ಏಳ್ರಿ. ಅಂಜಿನಮ್ಮ ಬಂದಾಳೆ, ಬಳೆ ತಂದಾಳೆ. ಕೈ ಕೊಡ್ರಿ. ಕೊಡ್ರಿ ಅತ್ತೆ, ನಾನು, ಕಸ್ತೂರಿ... ಸೆರಗಿನಾಗೆ ಯಾಕೆ ಮುಚ್ಚಿಟ್ಕೊಂತೀರಿ? ನೋಡು ಅಂಜಿನಮ್ಮ, ಹಿಂಗೈತೆ ಇವರ ಮರೆವು. ಯಾರು ಕೇಳಿದ್ರೂ ಹಿಂಗೇ ಮಾಡ್ತಾರೆ. ಬೇಕಾದ್ರೆ ನೀನು ಕೇಳಿ ನೋಡು, ನಿನಗೂ ಕೊಡಲ್ಲ.

ಕೊಟ್ಟರು.

ಎರಡೂ ಕೊಟ್ಟರು... ಅದಾ? ಅದು ಗಾಜು ತಾಗಿದ್ದು. ಒಣಗ್ತಾ ಬಂದೈತೆ. ಹೇಳಿದೆನಲ್ಲ, ಶಾಂತಾದೇವಿ... ಏನಾದ್ರೂ ಅನ್ನು ಅಂಜಿನಮ್ಮ. ಬೈಯೋದಾದ್ರೂ ಬೈ. ಹಿಂಗೆ ಅವರ ಕೈ ಹಿಡ್ಕೊಂಡು ನನ್ನ ನೋಡಬೇಡ.

ಶಾಂತಾದೇವಿ ಅವರನ್ನ ಮುಟ್ಟಲಿಲ್ಲ. ಕೂಗಾಡಿ ಬಸ್ಸಿಗೆ ಹೋದಳು, ಅಷ್ಟೇ. ಅವಳು ಹೋದ ಮೇಲೆ ಅತ್ತೆ, ನಿಮ್ಮ ಮಾವ ಎಲ್ಲಿ, ದಾವಣಗೆರೆ ಬಸ್ಸು ಬಂತಾ ಅಂದ್ರು. ಹೇಳಿದೆ. ಮತ್ತೆ ಕೇಳಿದ್ರು. ಹೇಳಿದೆ. ಮತ್ತೆ... ಒಲೆ ಮೇಲೆ ಅನ್ನ ಸೀದು ವಾಸನೆ ಬರ್ತಿತ್ತು. ಸತ್ತಾರೆ, ಬರಲ್ಲ, ಈ ಬಳೆ ನಿಮಗ್ಯಾಕೆ ಅಂದೆ. ಬರೀ ಬಾಯಲ್ಲಿ ಅಂದು ಕೈ ಮುಟ್ಟದಿದ್ದರೆ ಊಟದ ಹೊತ್ತಿಗೆ ಮರೀತಿದ್ದರು.

ಗಂಡ ಸತ್ತಿದ್ದು ನೆನಪಿಲ್ಲ. ಮಗನ್ನ ನೋಡಿ, ಯಾರಪ್ಪ ನೀನು ಅಂತಾರೆ. ನನ್ನ ಹೆಸರೂ ಒಂದೊಂದು ದಿನ ಇರ್ತೈತೆ, ಒಂದೊಂದು ದಿನ ಇರಲ್ಲ. ಇದೊಂದನ್ನ ಮಾತ್ರ ಹೆಂಗೆ ನೆನಪಿಟ್ಕೊಂಡಾರೆ, ಕೇಳು ಅಂಜಿನಮ್ಮ.

ಬೇಡ, ಕೇಳಬೇಡ. ನೀನೇ ತೊಡಿಸು. ಗಾಯಕ್ಕೆ ತಾಗದಂಗೆ, ಸಾವಕಾಶ. ನಾನು ಬಾಗಿಲ ಆಚೆ ನಿಂತಿರ್ತೀನಿ. ನಾನು ಎದುರಿಗಿದ್ದರೆ ಅವರು ಮುಷ್ಟಿ ಬಿಡಲ್ಲ.