ಕತ್ತಿಯದ್ದಲ್ಲ ಆ ಗಾಯ

ಹಲೋ… ಯಾರು?… ಹಾಂ? ಸ್ವಲ್ಪ ಜೋರಾಗಿ ಹೇಳಿ, ಅರ್ಧ ಮುಖಕ್ಕೆ ಪಟ್ಟಿ ಕಟ್ಟಿದ್ದಾರೆ, ಒಂದೇ ಕಿವಿ ಡ್ಯೂಟಿ ಮಾಡ್ತಿರೋದು… ಯಾರೂ?

… ರೇಡಿಯೋನಾ? ಕಟಿಂಗ್ ಶಾಪ್ ರೇಡಿಯೋ? ಓಹೋಹೋ, ದೊಡ್ಡವರು! ಎರಡು ವರ್ಷ ಆದ್ಮೇಲೆ ಈ ಬಸ್ ಡ್ರೈವರ್ ನೆನಪಾದ್ನಾ?

… ಹೌದು, ನಂಬರ್ ಅಳಿಸಿ ಹಾಕಿದ್ದೆ. ನಿನ್ನ ಅಂಗಡಿ ಮೆಟ್ಟಿಲು ಹತ್ತಲ್ಲ ಅಂತ ಹೇಳಿ ಬಂದ್ಮೇಲೆ ನಂಬರಿಗೆ ಫ್ರೇಮ್ ಹಾಕಿಸಿ ಗೋಡೆಗೆ ನೇತು ಹಾಕ್ಲಾ?

… ಆಸ್ಪತ್ರೇಲಿ, ಇನ್ನೆಲ್ಲಿ. ನಮ್ಮನೆಯವಳು ಹೇಳಿದ್ಲಾ? ಅವಳ ಹೊಟ್ಟೇಲಿ ಒಂದು ಮಾತು ನಿಲ್ಲಲ್ಲ… ಹಾಂ, ನಿಜ. ಚರ್ಮದ ಕ್ಯಾನ್ಸರ್. ಮೂಗಿನ ಪಕ್ಕ, ಕಣ್ಣಿನ ಕೆಳಗೆ. ಶೇವ್ ಮಾಡುವಾಗ ನೀನು ಕುಯ್ದೆ ಅಂತ ಕೂಗಾಡಿದ್ನಲ್ಲ, ಅದೇ ಗಾಯ. ಸಂತೋಷನಾ? ಎಲ್ರಿಗೂ ಸಿಹಿ ಹಂಚು.

… ಇಲ್ಲಪ್ಪಾ, ಆಪರೇಷನ್ ಇನ್ನೂ ಮುಗಿದಿಲ್ಲ. ಒಂದೇ ಸಲಕ್ಕೆ ಮುಗಿಸೋ ಪದ್ಧತಿ ಇಲ್ಲಿಲ್ಲ. ಜಾಗ ಮರಗಟ್ಟಿಸಿ ಒಂದು ಪದರ ತೆಗೀತಾರೆ, ಈರುಳ್ಳಿ ಸಿಪ್ಪೆ ಸುಲಿದ ಹಾಗೆ. ಅದರ ಅಂಚಿಗೆ ಕೆಂಪು, ನೀಲಿ, ಹಸಿರು ಬಣ್ಣ ಹಚ್ತಾರೆ. ನನ್ನ ಮುಖದ ನಕ್ಷೆ ಬೇರೆ ಬರೀತಾರೆ, ಸೈಟು ಅಳೆದ ಹಾಗೆ. ಆಮೇಲೆ ಪಕ್ಕದ ರೂಮಲ್ಲಿ ಮೈಕ್ರೋಸ್ಕೋಪ್ ಕೆಳಗಿಟ್ಟು, ಯಾವ ಅಂಚಲ್ಲಿ ರೋಗ ಉಳಿದಿದೆ ಅಂತ ನೋಡ್ತಾರೆ. ಅಷ್ಟು ಹೊತ್ತು ನಾನಿಲ್ಲಿ ಗೋಡೆ ಗಡಿಯಾರ ಕಾಯ್ತೀನಿ. ಉಳಿದಿದ್ರೆ ‘ಬನ್ನಿ ಸರ್’ ಅಂತಾರೆ, ಮನೆಗೆ ನೆಂಟರನ್ನ ಕರೆದಷ್ಟು ಪ್ರೀತಿಯಿಂದ. ರೋಗ ಉಳಿದಿರೋ ಜಾಗದಲ್ಲಿ ಮಾತ್ರ ಮತ್ತೊಂದು ಪದರ.

… ಎರಡು ಸುತ್ತು ಆಯ್ತು. ಮೂರನೇದು ತೆಗೆದು ಮುಕ್ಕಾಲು ಗಂಟೆ. ರಿಸಲ್ಟ್‌ಗೆ ಕೂತಿದ್ದೀನಿ. ಹತ್ತನೇ ಕ್ಲಾಸಲ್ಲೂ ಇಷ್ಟು ಒದ್ದಾಡಿರ್ಲಿಲ್ಲ. ಅವಾಗ ಫೇಲ್ ಅಂತ ಮೊದಲೇ ಗೊತ್ತಿತ್ತಲ್ಲ.

… ಒಂದೇ ಸಲ ಅಗಲವಾಗಿ ಕುಯ್ದು ಬಿಸಾಕಬಾರ್ದಾ? ಭೇಷ್! ಕತ್ತಿ ಹಿಡಿದು ಬದುಕೋನು ಆಡೋ ಮಾತಾ ಇದು? ಉಗುರಲ್ಲಿ ಹೋಗೋದಕ್ಕೆ ಕೊಡಲಿ ಯಾಕಯ್ಯಾ? ಅದರ ಮೇಲ್ಗಡೆ ಕಣ್ಣಿದೆ, ಕಣ್ಣು!

… ಅದನ್ನೇ ಹೇಳ್ತಿದ್ದೀನಿ. ಕೆಳಗಡೆ, ಅಕ್ಕಪಕ್ಕ ಎಲ್ಲ ಕ್ಲೀನಾಗಿದೆ. ಮೇಲಿನ ಅಂಚಲ್ಲಿ ಮಾತ್ರ ಇನ್ನೂ ಇತ್ತು. ಈ ಸಲವೂ ಅಲ್ಲಿ ಉಳಿದಿದ್ರೆ ಮುಂದಿನ ಪದರ ಕಣ್ಣಿನ ರೆಪ್ಪೆಯಲ್ಲೇ ತೆಗೀಬೇಕಂತೆ. ಆಮೇಲೆ ಕಣ್ಣು ಸರಿಯಾಗಿ ಮುಚ್ಚದೇ ಹೋದ್ರೆ, ಒಣಗಿ ನೋಟ ಮಂಜಾದ್ರೆ, ಬಸ್ಸು ಯಾರು ಕೊಡ್ತಾರೆ ನನಗೆ? ಮೂವತ್ತು ವರ್ಷ ಸ್ಟೀರಿಂಗ್ ಹಿಡಿದೋನನ್ನ ಡಿಪೋ ಗೇಟಲ್ಲಿ ನೊಣ ಹೊಡೆಯೋಕೆ ಕೂರಿಸ್ತಾರೆ… ಹೆದರಿಕೆನಾ? ನನಗಾ?… ಹೂಂ. ಆಗ್ತಿದೆ. ತುಂಬಾ ಆಗ್ತಿದೆ.

… ಬಿಸಿಲಿಂದಾನೇ ಅಂತೆ. ಅಷ್ಟು ವರ್ಷ ಕಿಟಕಿ ಕಡೆ ಇದ್ದ ಕೆನ್ನೆ ಅಲ್ವಾ. ಕಿಟಕಿ ಸೀಟಿಗೆ ಜನ ಹೊಡೆದಾಡ್ತಾರೆ, ನನಗೆ ಪುಕ್ಕಟೆ ಸಿಕ್ಕಿತ್ತು.

… ಏ, ಏ, ತಡಿ! ‘ನಾನು ಅವತ್ತೇ ಹೇಳಿದ್ದೆ’ ಅಂತ ಸ್ಟೇಷನ್ ಆನ್ ಮಾಡ್ಬೇಡ… ಹೌದು, ನೀನು ಹೇಳಿದ್ದೆ. ‘ಇದು ನನ್ನ ಕತ್ತಿ ಗಾಯ ಅಲ್ಲ, ಪ್ರತೀ ಸಲ ಅದೇ ಜಾಗದಲ್ಲಿ ರಕ್ತ ಬರ್ತಿದೆ, ಡಾಕ್ಟರಿಗೆ ತೋರಿಸು’ ಅಂತ. ನಾನೇನಂದೆ?… ಹಾಂ, ‘ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ’ ಅಂದೆ. ‘ಹೋಗಿ ಕುರಿ ತುಪ್ಪಟ ಕತ್ತರಿಸು’ ಅಂತಲೂ ಅಂದೆ. ಅಂಗಡಿ ತುಂಬ ಜನ ಇದ್ರು. ಜ್ಞಾಪಕಶಕ್ತಿ ಚೆನ್ನಾಗಿದೆ ಕಣಯ್ಯಾ ನಿಂದು.

… ಆಮೇಲೆ ಇನ್ನೇನು, ಮೂರು ಅಂಗಡಿ ಬದಲಾಯಿಸ್ದೆ. ಮೂರು ಕಡೆನೂ ಅಲ್ಲೇ ರಕ್ತ. ಊರಿನ ಕತ್ತಿಗಳೆಲ್ಲ ಸೇರ್ಕೊಂಡು ನನ್ನ ಮೇಲೆ ಪಿತೂರಿ ಮಾಡ್ತಿವೆ ಅಂದ್ಕೊಂಡೆ. ಬುದ್ಧಿವಂತ ಅಲ್ವಾ ನಾನು? ಕೊನೆಗೆ ನಮ್ಮನೆಯವಳೇ ರಟ್ಟೆ ಹಿಡಿದು ಎಳ್ಕೊಂಡು ಬಂದ್ಲು. ಅವಳ ಕಣ್ಣಿಗಾದ್ರೂ ಬಿತ್ತಲ್ಲ, ಪುಣ್ಯ.

… ಹಾಂ?… ಏನಂದೆ?… ಅವಳಿಗೆ ನೀನು ಹೇಳಿದ್ಯಾ? ಯಾವಾಗ?… ತರಕಾರಿ ಅಂಗಡಿ ಹತ್ರ? ಮೂರು ಸಲನಾ?… ‘ನನ್ನ ಹೆಸರು ಎತ್ಬೇಡಿ ಅಕ್ಕ, ಎತ್ತಿದ್ರೆ ಹಟಕ್ಕೆ ಬಿದ್ದು ಹೋಗೋದೇ ಇಲ್ಲ’ ಅಂದ್ಯಾ?… ನನ್ನ ಬಸ್ಸು ನಿನ್ನ ಅಂಗಡಿ ಮುಂದೆ ಸಿಗ್ನಲ್‌ಗೆ ನಿಂತಾಗೆಲ್ಲ ಈ ಗಾಯ ನೋಡ್ತಿದ್ಯಾ? ಎರಡು ವರ್ಷನೂ? ನಾನು ಬೇಕಂತಲೇ ಮುಖ ಆ ಕಡೆ ತಿರುಗಿಸ್ತಿದ್ನಲ್ಲೋ, ಆಗ ಈ ಕೆನ್ನೆನೇ ನಿನ್ನ ಕಡೆ ಬರ್ತಿತ್ತಾ!

… ಸುಮ್ನಿರು ಒಂದ್ನಿಮಿಷ. ಪಟ್ಟಿ ಒದ್ದೆ ಆದ್ರೆ ನರ್ಸಮ್ಮ ಬೈತಾರೆ.

… ಇಡ್ಬೇಡ, ಫೋನ್ ಇಡ್ಬೇಡ! ಡಾಕ್ಟರಮ್ಮ ಬರ್ತಿದ್ದಾರೆ, ಕೈಯಲ್ಲಿ ನಕ್ಷೆ ಇದೆ… ಹೇಳಿ ಮೇಡಂ… ಹಾಂ… ಮೇಲಿನ ಅಂಚು?… ಪೂರ್ತಿನಾ? ಒಂದು ಚೂರೂ ಇಲ್ವಾ?… ಇನ್ನೊಂದ್ಸಲ ಹೇಳಿ ಮೇಡಂ, ನನಗೆ ಒಂದೇ ಕಿವಿ…

… ರೇಡಿಯೋ! ಕೇಳಿಸ್ತಾ? ಏನೂ ಉಳಿದಿಲ್ವಂತೆ! ರೆಪ್ಪೆ ಬಚಾವ್! ಹೊಲಿಗೆ ಹಾಕಿ ಸಂಜೆ ಮನೆಗೆ ಕಳಿಸ್ತಾರಂತೆ… ಅದೇನದು ಚಪ್ಪಾಳೆ? ಯಾರಿದ್ದಾರೆ ಅಲ್ಲಿ?… ಸ್ಪೀಕರ್‌ಗೆ ಹಾಕಿದ್ಯಾ? ಮೊದಲಿಂದಾನಾ?… ಕೈ ತುಂಬ ನೊರೆ ಇತ್ತಂತೆ, ನೊರೆ! ಅಯ್ಯೋ ಪಾಪಿ, ಹೆದರಿಕೆ ಆಗ್ತಿದೆ ಅಂದಿದ್ದನ್ನೂ ಎಲ್ರೂ ಕೇಳಿಸ್ಕೊಂಡ್ರಾ?

… ಬೇಡ, ಆಫ್ ಮಾಡ್ಬೇಡ. ಇರ್ಲಿ. ಅವತ್ತೂ ಅಂಗಡಿ ತುಂಬಿತ್ತು, ಇವತ್ತೂ ತುಂಬಿದೆ. ಕೇಳ್ರಪ್ಪಾ ಎಲ್ರೂ. ಅದು ಇವನ ಕತ್ತಿ ಗಾಯ ಅಲ್ಲ. ಇವನಷ್ಟು ಹಗುರವಾದ ಕೈ ಈ ಊರಲ್ಲಿ ಇನ್ನೊಬ್ಬರದ್ದಿಲ್ಲ. ಇವನ ಮಾತು ಅವತ್ತೇ ಕೇಳಿದ್ರೆ ಒಂದೇ ಸುತ್ತಲ್ಲಿ ಮುಗೀತಿತ್ತೇನೋ. ತಪ್ಪು ನಂದು. ತಪ್ಪಾಯ್ತು ಕಣಯ್ಯಾ.

… ಏನಯ್ಯಾ, ಉಸಿರೇ ಇಲ್ಲ? ನೀನು ಸುಮ್ನಿರೋ ಜಾತಿ ಅಲ್ವಲ್ಲ… ಹಲೋ? ರೇಡಿಯೋ? ಹಲೋ… ಅಯ್ಯೋ, ಲೈನ್ ಕಟ್ಟಾಯ್ತಾ? ಎಲ್ಲಿವರೆಗೆ ಕೇಳಿಸ್ತಯ್ಯಾ? ಇದನ್ನ ಇನ್ನೊಂದ್ಸಲ ಹೇಳೋಕೆ ನನ್ನ ಕೈಲಿ ಆಗಲ್ಲ…