ಹೆಸರು ಅಂಟಿಸಿದ ತುದಿ

ದೀಪ ಸ್ವಲ್ಪ ಸಣ್ಣದು ಮಾಡಿ. ನಂಬದವರು ಈಗಲೇ ಎದ್ದು ಹೋಗಬಹುದು. ಆದರೆ ಒಬ್ಬರೇ ಹೋಗಬೇಕು, ಜೊತೆಗೆ ಯಾರನ್ನೂ ಕಳಿಸುವುದಿಲ್ಲ.

ಇದು ನನ್ನ ಸೋದರಮಾವನ ಮಗ ಗುರಣ್ಣನಿಗೆ ಆದದ್ದು. ಎಂಬತ್ತಾರನೇ ಇಸವಿಯ ಬೇಸಿಗೆ. ನರೋಣಾದಲ್ಲಿ ಕೊನೆಯ ಬಸ್ಸು ಇಳಿದು ನಮ್ಮೂರಿಗೆ ನಡೆದು ಬರುತ್ತಿದ್ದ. ದಾರಿಯಲ್ಲಿ ಹಳೇ ಬಾವಿ. ಬಾವಿಯ ಆಚೆ ನಮ್ಮವರನ್ನು ಮಣ್ಣು ಮಾಡುವ ಜಾಗ.

ಬಾವಿ ಹತ್ತಿರ ಬಂದಾಗ ಕೇಳಿಸಿತು. ಡಬ್... ಡಬ್ ಡಬ್...

ಬಾವಿಗೆ ಬಿಟ್ಟ ಕೊಡ ಕಲ್ಲಿಗೆ ತಾಗಿದರೆ ಠಣ್ ಅನ್ನುತ್ತದೆ. ಈ ಸದ್ದೇ ಬೇರೆ. ಬೆರಳ ಗೆಣ್ಣಿನಿಂದ ದಪ್ಪ ಹಲಗೆ ಬಡಿದ ಹಾಗೆ. ಅದೂ ಒಳಗಿನಿಂದ. ಗುರಣ್ಣ ನಿಂತ. ಸದ್ದೂ ನಿಂತಿತು. ಒಂದು ಹೆಜ್ಜೆ ಇಟ್ಟ. ಡಬ್...

ಆ ಜಾಗದಲ್ಲಿ ಹಲಗೆಯ ಪೆಟ್ಟಿಗೆ ಸಮೇತ ಹೂತದ್ದು ಒಬ್ಬನನ್ನೇ. ಗುರಣ್ಣನ ಚಿಕ್ಕಮ್ಮ ಮಲ್ಕಮ್ಮನ ಮಗ ದೇವೀಂದ್ರನನ್ನು.

ದೇವೀಂದ್ರ ಗೋಡೆ ಕಟ್ಟುವ ಗೌಂಡಿ ಕೆಲಸಕ್ಕೆ ಅಂತ ಮಸ್ಕತ್ತಿಗೆ ಹೋದವನು. ಇಪ್ಪತ್ತೆರಡು ವರ್ಷದ ಹುಡುಗ, ಕಲ್ಲು ತಿಂದು ಕರಗಿಸುವ ವಯಸ್ಸು. ಎಂಟೇ ತಿಂಗಳಿಗೆ, ಹಿಂದಿನ ವರ್ಷದ ಬೇಸಿಗೆಗೆ, ಪೆಟ್ಟಿಗೆಯಲ್ಲಿ ಬಂದ. ಜೊತೆಗೆ ಬಂದ ಕಾಗದದಲ್ಲಿ, ನಿದ್ದೆಯಲ್ಲಿ ಎದೆ ನಿಂತು ಸತ್ತ ಅಂತಿತ್ತು. ಅವನ ಜೊತೆ ಕೆಲಸಕ್ಕಿದ್ದ ಆಳಂದದ ಇಸ್ಮಾಯಿಲ ಬರೆದದ್ದೇ ಬೇರೆ. ನಾಲ್ಕು ದಿನ ಕಾಣೆಯಾಗಿದ್ದ, ಐದನೇ ದಿನ ಸಿಕ್ಕ, ಎಲ್ಲಿ ಸಿಕ್ಕ ಅಂದರೆ ಯಾರೂ ಬಾಯಿ ಬಿಡುವುದಿಲ್ಲ. ಮಲ್ಕಮ್ಮ ಎರಡೂ ಕಾಗದ ಸೆರಗಿಗೆ ಕಟ್ಟಿಕೊಂಡು ಗುಲ್ಬರ್ಗಾದವರೆಗೂ ಅಲೆದಳು. ನನ್ನ ಮಗ ಹೇಗೆ ಸತ್ತ, ಅಷ್ಟು ಹೇಳಿ ಸಾಕು ಅಂತ ಕಂಡವರನ್ನೆಲ್ಲ ಕೇಳಿದಳು. ಯಾರೂ ಹೇಳಲಿಲ್ಲ.

ನಮ್ಮಲ್ಲಿ ಮಣ್ಣಿಗಿಡುವ ಮುಂಚೆ ತಾಯಿ ಮಗನ ಬಾಯಿಗೆ ನೀರು ಬಿಡಬೇಕು. ಪೆಟ್ಟಿಗೆ ಮಾತ್ರ ತೆರೆಯಬೇಡಿ ಅಂತ ಮುಂಬಯಿಯಲ್ಲೇ ಹೇಳಿ ಕಳಿಸಿದ್ದರು. ಅಲ್ಲಿಂದ ತಂದವನು ಗುರಣ್ಣ. ತಲೆ ಯಾವ ಕಡೆ ಅಂತ ಹಿರಿಯರು ಅವನನ್ನೇ ಕೇಳಿದರು. ಒಂದು ತುದಿಗೆ ಹೆಸರಿನ ಚೀಟಿ ಅಂಟಿಸಿತ್ತು. ನಮ್ಮ ಜಾಣ ಲಗ್ನಪತ್ರಿಕೆ ನೋಡಿದ ಹಾಗೆ ನೋಡಿ, ಹೆಸರಿದ್ದ ಕಡೆಯೇ ತಲೆ ಅಂದುಬಿಟ್ಟ. ಎಲ್ಲರೂ ಹೂಂ ಅಂದರು. ಆ ತುದಿಯನ್ನು ದಕ್ಷಿಣಕ್ಕಿಟ್ಟರು. ಮಲ್ಕಮ್ಮ ಅಲ್ಲೇ ಹಲಗೆಯ ಮೇಲೆ ನೀರು ಬಿಟ್ಟಳು.

ಈಗ ಸದ್ದು ಬರುತ್ತಿದ್ದದ್ದು... ಉತ್ತರದ ತುದಿಯಿಂದ.

ಗುರಣ್ಣ ಮನೆ ಹೇಗೆ ಮುಟ್ಟಿದನೋ ಅವನಿಗೇ ಗೊತ್ತಿಲ್ಲ. ಮೂರು ದಿನ ಯಾರ ಮುಂದೂ ಹೇಳಲಿಲ್ಲ. ಕಣ್ಣು ಮುಚ್ಚಿದರೆ ತಾನೇ ಪೆಟ್ಟಿಗೆಯೊಳಗೆ ಇದ್ದ ಹಾಗೆ, ಮೊಣಕೈ ಮಡಚಲೂ ಜಾಗವಿಲ್ಲ. ನಾಲ್ಕನೇ ದಿನ ಹೋಗಿ ಮಲ್ಕಮ್ಮನ ಕಾಲು ಹಿಡಿದ.

"ನಂದ ತಪ್ಪಾಗ್ಯಾದ ಚಿಗವ್ವ. ನೀರು ಅವನ ಕಾಲಿಗಿ ಬಿಟ್ಟೀವಿ."

ಅವಳು ಅಳಲಿಲ್ಲ, ಬೈಯಲೂ ಇಲ್ಲ. ಕೊಡ ತುಂಬಿದಳು.

ಆ ರಾತ್ರಿ ಇಬ್ಬರೇ ಹೋದರು. ಡಬ್... ಡಬ್ ಡಬ್... ಮಲ್ಕಮ್ಮ ಉತ್ತರದ ತುದಿಗೆ ಕೂತಳು. ಕೊಡ ತೊಡೆಯ ಮೇಲಿತ್ತು. ಬಗ್ಗಿಸಲಿಲ್ಲ.

"ಸುರುವು ಚಿಗವ್ವ," ಗುರಣ್ಣ ಪಿಸುಗುಟ್ಟಿದ.

"ಸುರುವಿದ್ರ ಹೋಗಿಬಿಡ್ತಾನ. ಮೊದಲ ಹೇಳಲಿ."

ಮಣ್ಣಿಗೆ ಬಾಯಿ ಹಚ್ಚಿ ಕೇಳಿದಳು. "ನಿನಗ ಏನಾತೋ ದೇವೀಂದ್ರ?"

ಸದ್ದು ನಿಂತಿತು.

"ಯಾರು ಏನ್ ಮಾಡಿದ್ರು?"

ಇಲ್ಲ... ಬಾವಿಯ ಕಡೆ ಜೀರುಂಡೆ ಕೂಡ ಸುಮ್ಮನಾಗಿತ್ತು. ಆ ನಾಲ್ಕು ದಿನ ಎಲ್ಲಿದ್ದೆ ಅಂತ ಕೇಳಿದಳು. ತಿರುಗಿ ತಿರುಗಿ ಅದನ್ನೇ ಕೇಳಿದಳು. ಕೇಳಿ ಕೇಳಿ ಅವಳದೇ ಗಂಟಲು ಒಣಗಿತು. ಕೊನೆಗೆ ತೊಟ್ಟಿಲ ಕೂಸನ್ನು ಕೇಳುವ ದನಿಯಲ್ಲಿ ಅಂದಳು.

"ನೀರಡಿಕಿ ಆಗ್ಯಾದೇನೋ ಯಪ್ಪಾ?"

ಡಬ್ ಡಬ್ ಡಬ್ ಡಬ್ ಡಬ್... ಎರಡೂ ಕೈಯಿಂದ.

ಮಲ್ಕಮ್ಮ ಕೊಡ ಬಗ್ಗಿಸಿದಳು. ವರ್ಷದಿಂದ ಸೆರಗಿಗೆ ಕಟ್ಟಿಕೊಂಡಿದ್ದ ಪ್ರಶ್ನೆ ಅಲ್ಲೇ ಬಿಟ್ಟುಕೊಟ್ಟಳು ಆ ತಾಯಿ. ಸದ್ದು ಮೆಲ್ಲಗಾಯಿತು, ನಿಂತಿತು. ಆಮೇಲೆ ಯಾರಿಗೂ ಕೇಳಿಸಿಲ್ಲ. ಹುಡುಗ ಹೇಗೆ ಸತ್ತ ಅನ್ನುವುದೂ ಇವತ್ತಿನವರೆಗೆ ಯಾರಿಗೂ ಗೊತ್ತಿಲ್ಲ.

ಸುಳ್ಳು ಅನ್ನಬೇಡಿ. ಅವತ್ತು ಬೆಳಕು ಹರಿಯುವ ಮುಂಚೆ ಗುರಣ್ಣ ನನ್ನನ್ನು ಎಬ್ಬಿಸಿ ಕರೆದುಕೊಂಡು ಹೋದ. ನಮ್ಮದು ಎರಿಮಣ್ಣು, ನಿಮಗೇ ಗೊತ್ತಲ್ಲ. ಒಂದು ಚೆಂಬು ಚೆಲ್ಲಿದರೆ ಸಾಕು, ಮಧ್ಯಾಹ್ನದವರೆಗೆ ಚಪ್ಪಲಿ ಕಿತ್ತುಕೊಳ್ಳುತ್ತದೆ. ಅಲ್ಲಿ ಸುರಿದದ್ದು ತುಂಬಿದ ಕೊಡ. ಖಾಲಿ ಕೊಡ ಪಕ್ಕದಲ್ಲೇ ಬಿದ್ದಿತ್ತು. ಬಗ್ಗಿ ಮಣ್ಣು ಮುಟ್ಟಿದೆ, ಇದೇ ಕೈಯಿಂದ...

ಬರೀ ಧೂಳು.